ಅಪ್ಪನ ಹಲ್ಲು, ಎಂಬತ್ತೇಳನೇ ಪುಟ

ಹದಿನಾಲ್ಕನೇ ಪಾಠದಲ್ಲಿ ಮೇಡಂ ಒಂದು ಸರ್ಕಾರ ಉರುಳಿಸುತ್ತಿದ್ದ ಹೊತ್ತಿಗೆ ಅವನು ಯಾರದೋ ಮೇಲ್ದವಡೆಗೆ ಕೋರೆಹಲ್ಲು ಕೂರಿಸುತ್ತಿದ್ದ. ಆನ್‌ಲೈನ್ ಚರಿತ್ರೆ ಕೋರ್ಸು ಹಾಕಿದ್ದ ಫೋನು ಮೇಣದ ಡಬ್ಬಿಗೆ ಒರಗಿ ನಿಂತಿತ್ತು. ಮೇಡಂ ಒಂದೂವರೆ ಸ್ಪೀಡಿನಲ್ಲಿ ಮಾತಾಡುತ್ತಿದ್ದರು, ಏಕೆಂದರೆ ಮಾಮೂಲಿ ಸ್ಪೀಡಿನಲ್ಲಿ ಕೇಳುತ್ತ ಕೂತರೆ ಇಪ್ಪತ್ತನೇ ಶತಮಾನ ಮುಗಿಯುವ ಮುಂಚೆ ತಾನೇ ಮುಗಿದುಹೋಗುತ್ತೇನೆ ಎಂಬುದು ಐವತ್ತೆರಡರ ಅವನ ಅಂದಾಜು. ಒಂದೂವರೆ ಸ್ಪೀಡಿನಲ್ಲಿ ಇತಿಹಾಸಕ್ಕೆ ಒಂಥರಾ ಲವಲವಿಕೆ ಬರುತ್ತಿತ್ತು. ರಾಜರು ಚಪ್ಪಲಿ ಮೆಟ್ಟಿಕೊಳ್ಳಲೂ ಪುರಸೊತ್ತಿಲ್ಲದೆ ಓಡಿಹೋಗುತ್ತಿದ್ದರು, ಸಂವಿಧಾನಗಳು ಮಧ್ಯಾಹ್ನದ ಊಟದೊಳಗೆ ಬರೆದು ಮುಗಿಯುತ್ತಿದ್ದವು, ಕೋಟಿ ಜನ ಸತ್ತದ್ದೂ ಒಂದೇ ಉಸಿರಿನಲ್ಲಿ ದಾಟಿಹೋಗುತ್ತಿತ್ತು. ಮೇಡಂ ಹಿಂದಿನ ಕಪಾಟಿನಲ್ಲಿ ಒಂದೇ ಒಂದು ಪುಸ್ತಕ ಪಕ್ಕಕ್ಕೆ ವಾಲಿಕೊಂಡಿತ್ತು. ಇವತ್ತು ಬೀಳುತ್ತದೆ, ನಾಳೆ ಬೀಳುತ್ತದೆ ಎಂದು ಅವನು ಮೊದಲ ಪಾಠದಿಂದ ಕಾಯುತ್ತಿದ್ದ. ಒಂಬತ್ತು ಸರ್ಕಾರ ಬಿದ್ದವು, ಪುಸ್ತಕ ಮಾತ್ರ ಹಾಗೇ ಇತ್ತು.

ಶೆಲ್ಫಿನ ಮೂರನೇ ಸಾಲಿನಲ್ಲಿ ಅಪ್ಪನ ಬಾಯಿ ಇತ್ತು. ಅಂದರೆ ಅಪ್ಪನ ಬಾಯಿಯ ಪ್ಲಾಸ್ಟರ್ ಅಚ್ಚು, ಮೇಲಿನದೊಂದು ಕೆಳಗಿನದೊಂದು. ಹಲ್ಲಿನ ಡಾಕ್ಟರು ಅಪ್ಪನ ಉಳಿದ ಆರು ಹಲ್ಲು ಕಿತ್ತು, ಒಸಡು ಮಾಗಿದ ಮೇಲೆ ಅಳತೆ ತೆಗೆದು, ಬಣ್ಣದ ನಂಬರು ಬರೆದು, 'ನಿಮ್ಮ ತಂದೆಯವರದ್ದು, ಬೇಗ' ಎಂದು ಚೀಟಿ ಅಂಟಿಸಿ ಕಳಿಸಿ ಹನ್ನೊಂದು ವಾರವಾಗಿತ್ತು. ಊರವರಿಗೆಲ್ಲ ಎಂಟು ದಿನದಲ್ಲಿ ಹಲ್ಲಿನ ಸೆಟ್ಟು ಕಟ್ಟಿಕೊಡುವ ಮನುಷ್ಯ ಅವನು. ಪ್ಲಾಸ್ಟರು ಸರಿ ಒಣಗಿಲ್ಲ, ಆ ಬಣ್ಣದ ಹಲ್ಲು ಬಂದಿಲ್ಲ, ಬಂದದ್ದು ಸೈಜಿಲ್ಲ ಎಂದು ದಿನಕ್ಕೊಂದು ಹೇಳಿಕೊಂಡು ಬಂದಿದ್ದ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ದಿನವಿಡೀ ಜನರ ಸುಳ್ಳು ಕೇಳುವ ಹೆಂಡತಿಗೆ ಇದು ಎರಡನೇ ವಾರಕ್ಕೇ ಗೊತ್ತಾಗಿತ್ತು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಅವಳು ಅವನಿಗೆ ಕೇಳುವ ಹಾಗೆ ಪಾತ್ರೆಗಳಿಗೆ ಹೇಳುತ್ತಿದ್ದಳು. ನಿಜ ಏನೆಂದರೆ ಹಲ್ಲಿಲ್ಲದ ಅಪ್ಪ ಮಾತಾಡುತ್ತಿರಲಿಲ್ಲ. ಮೂವತ್ತೈದು ವರ್ಷ ಕ್ಲಾಸಿನ ಕೊನೇ ಬೆಂಚಿಗೂ ಕೇಳುವ ಹಾಗೆ ಚರಿತ್ರೆ ಹೇಳಿದ ಮೇಷ್ಟ್ರಿಗೆ ಈಗ ಬಾಯಿ ತೆರೆದರೆ ಬರೀ ಗಾಳಿ ಬರುವುದು ಅವಮಾನವಾಗಿತ್ತು. ಏನು ಬೇಕಾದರೂ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದರು. ಆ ಮೌನ ಅವನಿಗೆ ಹಿತವಾಗಿತ್ತು, ಹಿತವಾಗಿದೆಯಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ಅಪ್ಪ ಒಂದೇ ಒಂದು ಸಲ, ಚೀಟಿಯಲ್ಲಾದರೂ ಸರಿ, 'ಆ ಪುಟ ಕತ್ತರಿಸಿದ್ದು ತಪ್ಪಾಯಿತು' ಎಂದು ಬರೆದುಕೊಡಲಿ, ಮಾರನೇ ದಿನವೇ ಇಪ್ಪತ್ತೆಂಟು ಹಲ್ಲು ಕಟ್ಟಿಕೊಡುತ್ತೇನೆ ಎಂದು ಮನಸ್ಸಿನಲ್ಲಿ ಕರಾರು ಮಾಡಿಕೊಂಡಿದ್ದ. ಈ ಕರಾರು ಅಪ್ಪನಿಗೆ ಗೊತ್ತಿರಲಿಲ್ಲ, ಅದೊಂದು ಸಣ್ಣ ತೊಡಕು.

ಪುಟದ ವಿಷಯ ಇಷ್ಟು. ಅವನಿಗೆ ಹನ್ನೆರಡಾಗಿದ್ದಾಗ ಚರಿತ್ರೆಯ ಪುಸ್ತಕದ ಎಂಬತ್ತೆಂಟನೇ ಪುಟದಲ್ಲಿ ಒಬ್ಬ ಮಂತ್ರಿಯಿದ್ದ, ಅಗಲ ಮೂಗು, ದುಂಡು ಕನ್ನಡಕ. ಆ ಮಂತ್ರಿಗೂ ಮೇಲಿನವರಿಗೂ ಏನೋ ಮನಸ್ತಾಪವಾಯಿತು. ಒಂದು ದಿನ ಶಾಲೆಗೆ ಸುತ್ತೋಲೆ ಬಂತು: ಸದರಿ ಹಾಳೆಯನ್ನು ಎಲ್ಲ ಪ್ರತಿಗಳಿಂದ ತೆಗೆದು, ಎಣಿಸಿ, ಲಕೋಟೆಯಲ್ಲಿಟ್ಟು ಕಳಿಸತಕ್ಕದ್ದು. ಅಪ್ಪ, ಆಗ ಅವನ ಕ್ಲಾಸಿನ 'ಸಾರ್', ಮೇಜಿನ ಮೇಲೆ ಹೊಸ ಬ್ಲೇಡುಗಳ ಪ್ಯಾಕೆಟ್ಟು ಬಿಚ್ಚಿದರು. ಹರಿಯಬಾರದು, ಸ್ಕೇಲು ಇಟ್ಟು ನೇರವಾಗಿ ಕೊಯ್ಯಬೇಕು, ಹೊಲಿಗೆಯಿಂದ ಅರ್ಧ ಇಂಚು ಬಿಡಬೇಕು, ಇಲ್ಲದಿದ್ದರೆ ಆ ಕಡೆಯ ಹಾಳೆ ಸಡಿಲವಾಗುತ್ತದೆ ಎಂದು ಕರಕುಶಲ ಕಲೆ ಹೇಳಿಕೊಡುವ ಹಾಗೆ ಹೇಳಿಕೊಟ್ಟರು. ಹಾಳೆಗೆ ಎರಡು ಮುಖವಿರುತ್ತದೆ ಎಂಬುದು ಸುತ್ತೋಲೆ ಬರೆದವನ ತಲೆಗೆ ಹೊಳೆದಿರಲಿಲ್ಲ. ಎಂಬತ್ತೇಳನೇ ಪುಟದಲ್ಲಿ ಅದಕ್ಕೂ ಹಿಂದಿನ ಒಂದು ಯುದ್ಧದ ಕೊನೆಯಿತ್ತು. ಹಾಗಾಗಿ ಆ ವರ್ಷದ ನಲವತ್ತು ಮಕ್ಕಳಿಗೆ ಯುದ್ಧ ಎಂಬತ್ತಾರನೇ ಪುಟದಲ್ಲಿ ಶುರುವಾಯಿತು, ಮುಗಿಯಲೇ ಇಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಅದನ್ನೇ ಕೇಳಿದ್ದರು. ಅವನಿಗೆ ಮೂವತ್ತೊಂದು ಬಂತು, ಬೇಕಿದ್ದದ್ದು ಮೂವತ್ತೈದು. ಸ್ವಂತ ಮಗನಿಗೆ ನಾಲ್ಕು ಅಂಕ ಕೊಡದ ಮೇಷ್ಟ್ರು ಎಂದು ಅಪ್ಪನಿಗೆ ಹೆಸರೇ ಬಂದುಹೋಯಿತು. ಯುದ್ಧ ಯಾರು ಗೆದ್ದರು ಎಂದು ಅವನಿಗೆ ತಿಳಿದದ್ದು ಹೋದ ತಿಂಗಳು, ಐದನೇ ಪಾಠದಲ್ಲಿ. ಯಾರೂ ಗೆದ್ದಿರಲಿಲ್ಲವಂತೆ, ರಾಜಿಯಾಗಿತ್ತಂತೆ. ಇಷ್ಟಕ್ಕೆ ನಲವತ್ತು ವರ್ಷ ಕಾದೆನಲ್ಲ ಎಂದು ಅವನಿಗೆ ರೇಗಿತ್ತು.

ಕೋರ್ಸಿಗೆ ಸೇರಿದ್ದೂ ಒಂದು ರೇಗಿನಿಂದಲೇ. ಹಲ್ಲಿನ ಡಾಕ್ಟರು ಯಾವುದೋ ಚುನಾವಣೆಯ ಮಾತಾಡುತ್ತ, ಇದರ ಬೇರು ಎಲ್ಲಿದೆ ಗೊತ್ತೇನ್ರೀ ಎಂದು ಕೇಳಿ, ಅವನ ಮುಖ ನೋಡಿ, ಬಿಡಿ ನಿಮಗೆ ಬೇರು ಅಂದ್ರೆ ಹಲ್ಲಿಂದೇ ಎಂದು ನಕ್ಕಿದ್ದರು. ನರ್ಸ್ ಕೂಡ ನಕ್ಕಿದ್ದಳು. ಅವತ್ತೇ ಹುಡುಕಿ 'ಆಧುನಿಕ ರಾಜಕೀಯ ಚರಿತ್ರೆ, ಹದಿನಾರು ಪಾಠ, ಸರ್ಟಿಫಿಕೇಟ್ ಇದೆ' ಎಂಬುದಕ್ಕೆ ಸೇರಿಕೊಂಡ. ಮತ್ತೆ ಆಶ್ಚರ್ಯ ನೋಡಿ, ಚರಿತ್ರೆಯಲ್ಲಿ ಮೂವತ್ತೊಂದು ತೆಗೆದ ಮಂಡೆಗೆ ಇಲ್ಲಿ, ಎರಡನೇ ಪಾಠದ್ದೊಂದು ಬಿಟ್ಟು, ಒಂದೊಂದು ಕ್ವಿಜ್‌ನಲ್ಲೂ ತೊಂಬತ್ತು, ತೊಂಬತ್ತೆರಡು ಬರತೊಡಗಿತು. ಪಾಠಗಳ ಮುಂದೆ ತನ್ನಷ್ಟಕ್ಕೆ ಹಸಿರು ಟಿಕ್ಕು ಬೀಳುತ್ತಿತ್ತು. ಕೆಲವು ಪಾಠ ಕೇಳಿದ ನೆನಪೂ, ಕ್ವಿಜ್ ಬರೆದ ನೆನಪೂ ಅವನಿಗಿರಲಿಲ್ಲ. ಪಾಲಿಶ್ ಮಷೀನಿನ ಗದ್ದಲದಲ್ಲಿ ಕೇಳಿ, ಮೇಣದ ಕೈಯಲ್ಲೇ ಉತ್ತರ ಒತ್ತಿ ಮರೆತಿರಬೇಕು, ಜ್ಞಾನ ಒಳಗೆ ಹೋಗಿ ತಾನೇ ಕೆಲಸ ಮಾಡುತ್ತಿದೆ ಅಂದುಕೊಂಡ. ಹನ್ನೊಂದನೇ ಪಾಠ ತಮ್ಮ ದೇಶದ್ದೇ, ಅದರ ಕ್ವಿಜ್‌ನಲ್ಲಿ ನೂರಕ್ಕೆ ನೂರು. ಡಾಕ್ಟರಿಗೆ ಫೋನಿನಲ್ಲಿ ತೋರಿಸಿ ಬಂದ. ಹೆಂಡತಿಗೆ, ನನ್ನಲ್ಲಿ ಒಂದು ಐತಿಹಾಸಿಕ ಪ್ರಜ್ಞೆ ಮಲಗಿತ್ತು ಕಣೇ ಎಂದ. ಮಲಗಿರೋದನ್ನ ಎಬ್ಬಿಸ್ಬೇಡಿ ಎಂದು ಅವಳು ಮಗ್ಗುಲು ಬದಲಿಸಿದಳು.

ಹನ್ನೆರಡನೇ ಪಾಠ ಮಾತ್ರ ಅವನಿಗೆ ಸರಿಬರಲಿಲ್ಲ. ಅದರಲ್ಲಿ ಮೇಡಂ, ಇಂಥ ಸರ್ವಾಧಿಕಾರದ ಕಾಲದಲ್ಲಿ ಪೊಲೀಸರು ಮನೆಮನೆ ಹುಡುಕಿದ್ದಕ್ಕಿಂತ ಜನ ತಾವೇ ಬಂದು ಹೇಳಿದ್ದು ಜಾಸ್ತಿ ಎಂದರು. ನೆರೆಯವರು, ಸಹಪಾಠಿಗಳು, ಒಂದು ಒಳ್ಳೇ ಮಾತಿಗೆ, ಒಂದು ಸಣ್ಣ ಉಡುಗೊರೆಗೆ. ಅವನು ಸ್ಪೀಡನ್ನು ಎರಡಕ್ಕೆ ಏರಿಸಿದ. ಮೇಡಂ ಇಲಿಯ ಹಾಗೆ ಕಿಚಗುಟ್ಟಿಕೊಂಡು ಮುಂದೆ ಹೋದರು. ಆದರೂ ಕೈಯಲ್ಲಿದ್ದ ಬಾಚಿಹಲ್ಲು ಮೇಣದಲ್ಲಿ ಸೊಟ್ಟಗೆ ಕೂತಿತು. ಅವನು ಓದಿದ ಶಾಲೆಯ ಗಂಟೆ ಹಿತ್ತಾಳೆಯದು, ಅದನ್ನು ಹೊಡೆಯುವ ಮರದ ಸುತ್ತಿಗೆಗೆ ಬಟ್ಟೆ ಸುತ್ತಿತ್ತು. ಎರಡು ವರ್ಷದಿಂದ ಅದನ್ನು ಒಂದು ಸಲ ಹೊಡೆಯಬೇಕೆಂದು ಆಸೆಪಟ್ಟಿದ್ದ. ಎರಡು ಜಡೆಯ ಹುಡುಗಿ ಅವನ ಮುಂದಿನ ಬೆಂಚಿನವಳು. ಬ್ಲೇಡಿನ ದಿನ ಅವಳು ತನ್ನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಾಲುಚೀಲದೊಳಗೆ ತುರುಕಿದ್ದನ್ನು ಅವನೊಬ್ಬನೇ ನೋಡಿದ್ದ. ಯಾರು ಗೆದ್ದರು ಅಂತ ನಾನಿನ್ನೂ ಓದಿಲ್ಲ, ಓದಿ ಕೊಡ್ತೀನಿ ಎಂದು ಅವಳು ಪಿಸುಗುಟ್ಟಿದ್ದಳು. ಹಾಳೆಗಳನ್ನು ಒಟ್ಟುಮಾಡಿ ಎಣಿಸುವ ಕೆಲಸ ಅವನದು. ಮೂವತ್ತೊಂಬತ್ತು ಸಾರ್ ಎಂದು ಕಟ್ಟನ್ನು ಅಪ್ಪನ ಮೇಜಿಗಿಟ್ಟ. ಅಪ್ಪ ಅವನನ್ನೂ ನೋಡಿದರು, ಕ್ಲಾಸನ್ನೂ ನೋಡಿದರು. ಸರಿ ಹೋಗಿ ಕೂತ್ಕೋ ಎಂದರು ಅಷ್ಟೇ. ಅದು ಅವನಿಗೆ ಸಹಿಸಲಾಗಲಿಲ್ಲ. ಊಟದ ಬಿಡುವಿನಲ್ಲಿ ಹೆಡ್‌ಮಾಸ್ಟರ ಕೋಣೆಯ ಬಾಗಿಲು ತಟ್ಟಿದ. ಅವರು ಅವನ ತಲೆ ಸವರಿ, ಸಂಜೆ ಗಂಟೆ ನೀನೇ ಹೊಡಿ ಮರಿ ಎಂದರು. ಎಷ್ಟು ಚೆನ್ನಾಗಿ ಮೊಳಗಿತೆಂದರೆ ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ಸೋಮವಾರ ಮುಂದಿನ ಬೆಂಚು ಖಾಲಿಯಿತ್ತು. ಮಂಗಳವಾರ ಅವಳ ಅಪ್ಪ ಟೋಪಿ ಕೈಯಲ್ಲಿ ಹಿಡಿದು ಹೆಡ್‌ಮಾಸ್ಟರ ಕೋಣೆಯ ಹೊರಗೆ ಮಧ್ಯಾಹ್ನದವರೆಗೆ ನಿಂತಿದ್ದ. ಆಮೇಲೆ ಆ ಹುಡುಗಿಯನ್ನು ಯಾರೂ ನೋಡಲಿಲ್ಲ.

ಕೋರ್ಸಿನ ಕೊನೆಗೆ ಒಂದು ಪ್ರಬಂಧ ಬರೆಯಬೇಕಿತ್ತು: 'ಒಬ್ಬ ಸಾಮಾನ್ಯ ಮನುಷ್ಯ ಅಧಿಕಾರಕ್ಕೆ ಹೇಗೆ ಕೈಜೋಡಿಸುತ್ತಾನೆ? ನೀವು ಕಂಡ ಉದಾಹರಣೆಯೊಂದಿಗೆ ವಿವರಿಸಿ.' ಭಾನುವಾರ ಕೊನೇ ದಿನ. ಗುರುವಾರವೇ ಅವನು ಒಂದೇ ಏಟಿಗೆ ಬರೆದು ಸೇವ್ ಮಾಡಿಟ್ಟಿದ್ದ. ಬ್ಲೇಡು, ಸ್ಕೇಲು, ಅರ್ಧ ಇಂಚು, ಎಲ್ಲ ಬಂದಿತ್ತು. 'ಆ ಶಿಕ್ಷಕರ ದನಿಯಲ್ಲಿ ನಡುಕವಿರಲಿಲ್ಲ' ಎಂಬ ವಾಕ್ಯ ಬರೆದು, ಎದ್ದು ಹೋಗಿ ನೀರು ಕುಡಿದು ಬಂದು, ಮತ್ತೆ ಓದಿ ಖುಷಿಪಟ್ಟಿದ್ದ. ಹಾಳೆಗಳ ಬಗ್ಗೆ 'ಅವನ್ನು ಎಣಿಸಿ ಲಕೋಟೆಗೆ ಹಾಕಲಾಯಿತು' ಎಂದಷ್ಟೇ ಬರೆದಿದ್ದ. ಯಾರು ಎಣಿಸಿದರು ಎಂಬ ಚಿಲ್ಲರೆ ವಿವರಕ್ಕೆಲ್ಲ ಐನೂರು ಪದದ ಮಿತಿಯಲ್ಲಿ ಜಾಗವೆಲ್ಲಿ? ಗಂಟೆಯಂತೂ ಚರಿತ್ರೆಗೆ ಸಂಬಂಧಪಟ್ಟದ್ದೇ ಅಲ್ಲ. ಮೂರು ಜನ ಅಪರಿಚಿತ ಸಹಪಾಠಿಗಳು ಇದನ್ನು ಓದಿ ಅಂಕ ಕೊಡುತ್ತಾರೆ, ಮೂವರೂ ಆ ಶಿಕ್ಷಕನನ್ನು ಛೀ ಅನ್ನುತ್ತಾರೆ ಎಂದು ನೆನೆಸಿಕೊಂಡರೆ ಎದೆ ಹಗುರವಾಗುತ್ತಿತ್ತು.

ಇವತ್ತು ಶನಿವಾರ. ಕೋರೆಹಲ್ಲು ಕೂತಿತು, ಸರ್ಕಾರ ಬಿತ್ತು, ಅವನು ಕೈ ಒರೆಸಿಕೊಂಡು ಪ್ರಬಂಧ ಕಳಿಸಿಯೇ ಬಿಡೋಣ ಎಂದು ತೆರೆದ. ಪ್ರಬಂಧ ಕೆಂಪಾಗಿತ್ತು. ಮೊದಲು ಕನ್ನಡಕ ತೆಗೆದು ಒರೆಸಿದ. ಎರಡು ಕಡೆ ಕಾಗುಣಿತ ತಿದ್ದಿತ್ತು. 'ನಡುಕವಿರಲಿಲ್ಲ' ಎಂಬುದರ ಮುಂದೆ 'ಸರಿ' ಎಂದಿತ್ತು. 'ಎಣಿಸಿ ಲಕೋಟೆಗೆ ಹಾಕಲಾಯಿತು' ಎಂಬುದರ ಕೆಳಗೆ ಗೆರೆ ಎಳೆದು, 'ಎಣಿಸಿದವರು ಯಾರು? ಉತ್ತರ ಅಪೂರ್ಣ' ಎಂದಿತ್ತು. ಕೊನೆಯಲ್ಲಿ ಹತ್ತಕ್ಕೆ ನಾಲ್ಕು, ಅದರ ಕೆಳಗೊಂದು ಗೀಟು. ಆ ಗೀಟಿನ ರೀತಿಯನ್ನು ಅವನು ಸಾವಿರ ಕಾಪಿಪುಸ್ತಕಗಳಲ್ಲಿ ನೋಡಿದ್ದ. ಎಂಬತ್ತಮೂರು ವರ್ಷದ ಮನುಷ್ಯ ಅಕ್ಷರದ ಬಣ್ಣ ಬದಲಿಸುವ ಗುಂಡಿ ಹುಡುಕಿ ಕೆಂಪನ್ನೇ ಆರಿಸಿದ್ದ. ಅವನು ಅಡುಗೆಮನೆಗೆ ಹೋಗಿ, ಅಪ್ಪ ನನ್ನ ಕೋರ್ಸು ನೋಡ್ತಾರೇನೇ ಎಂದು ಕೇಳಿದ. ಹೆಂಡತಿ ಟೊಮೇಟೊ ಹೆಚ್ಚುತ್ತಲೇ ಹೇಳಿದಳು: ಮಾವ ಗೋಡೆಯಾಚೆಯಿಂದ ಪಾಠ ಕೇಳಿಸಿಕೊಂಡು ಕಿವಿ ನಿಮಿರಿಸಿ ಕೂತಿರುತ್ತಿದ್ದರಂತೆ, ಬಾಯಿಗಂತೂ ಕೆಲಸವಿಲ್ಲ, ತಲೆಗಾದರೂ ಇರಲಿ ಎಂದು ಇವಳೇ ಟ್ಯಾಬ್‌ನಲ್ಲಿ ಅವನ ಅಕೌಂಟನ್ನೇ ಹಾಕಿಕೊಟ್ಟಿದ್ದಳಂತೆ. ಎರಡು ತಿಂಗಳಾಯಿತಂತೆ. ಹಾಗಾದರೆ ಆ ಕ್ವಿಜ್‌ಗಳು ಎಂದು ಅವನು ಬಾಯಿ ಬಿಟ್ಟ.

"ಮತ್ತಿನ್ನೇನು, ನಿಮಗೆ ತೊಂಬತ್ತೆರಡು ಬರುತ್ತಾ?" ಅಂದಳು ಅವಳು. "ನಿಮ್ಮದು ನೀವು ತಗೊಂಡಿದ್ದು ಒಂದೇ ಸಲ, ಎರಡನೇದ್ರಲ್ಲಿ. ಮೂವತ್ತೆಂಟು. ಮಾವ ನೋಡಿ ಎಷ್ಟು ನಕ್ಕರು ಗೊತ್ತಾ, ಹಲ್ಲಿಲ್ದೇ ಇದ್ರೂ."

ಡಾಕ್ಟರಿಗೆ ಫೋನು ಹಿಡಿದು ತೋರಿಸಿದ್ದು ನೆನಪಾಗಿ ಅವನಿಗೆ ನೆಲ ಬಿರಿಯಬಾರದೇ ಅನಿಸಿತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಹೊಳೆಯಿತು. ಹನ್ನೊಂದನೇ ಪಾಠದ ನೂರಕ್ಕೆ ನೂರು. ಆ ಮಂತ್ರಿಗೆ ಕೊನೆಗೆ ಏನಾಯಿತು, ಯಾವ ಊರಿನ ಯಾವ ಜೈಲಿನಲ್ಲಿ, ಎಲ್ಲ ಅದರಲ್ಲಿ ಕೇಳಿದ್ದರು. ಅಪ್ಪ ಕ್ವಿಜ್ ಬರೆದದ್ದು ಮಂಗಳವಾರ, ಪಾಠಕ್ಕೆ ಟಿಕ್ಕು ಬಿದ್ದದ್ದು ಬುಧವಾರ. ಅಪ್ಪನಿಗೆ ಮೊದಲೇ ಗೊತ್ತಿತ್ತು. ಇಷ್ಟು ವರ್ಷ ಅವನು ಅಪ್ಪನನ್ನು ಒಬ್ಬ ದಡ್ಡ ವಿಧೇಯ ಮೇಷ್ಟ್ರು, ಕೊಟ್ಟ ಪುಸ್ತಕ ಒದರಿದವರು, ಅದಕ್ಕೇ ಹೆಡ್‌ಮಾಸ್ಟರೂ ಆಗಲಿಲ್ಲ ಎಂದು ತಮಾಷೆ ಮಾಡಿಕೊಂಡು ಬಂದಿದ್ದ. ಭೂಗೋಳದ ಚಿಕ್ಕ ಮೇಷ್ಟ್ರು ಅಪ್ಪನನ್ನು ದಾಟಿ ಆ ಕುರ್ಚಿಯಲ್ಲಿ ಕೂತಾಗ, ಮನೆಗೆ ಬಂದವರೆದುರೆಲ್ಲ ಅದನ್ನು ಹೇಳಿ ನಗಿಸಿದ್ದ.

ಅವನು ಕೆಲಸದ ಕೋಣೆಗೆ ಹೋಗಿ ಫೋನು ಆರಿಸಿ ಶೆಲ್ಫಿನಿಂದ ಅಪ್ಪನ ಬಾಯಿಯನ್ನು ಇಳಿಸಿದ. ಮೇಲೆ ಧೂಳು ಕೂತಿತ್ತು, ಊದಿದ. ಸ್ಪಿರಿಟ್ ದೀಪ ಹಚ್ಚಿ ಮೇಣ ಕರಗಿಸಿದ. ಮುಂದಿನ ಹಲ್ಲುಗಳನ್ನು ಒಂದೊಂದಾಗಿ ಕೂರಿಸುವಾಗ ಹಳೇ ಗುರುತಿನ ಚೀಟಿಯ ಫೋಟೋದಲ್ಲಿ ಅಪ್ಪನ ಹಲ್ಲು ಎಡಗಡೆ ಒಂದಿಷ್ಟು ಒಂದರ ಮೇಲೊಂದು ಹತ್ತಿದ್ದದ್ದು ನೆನಪಾಗಿ, ಹಾಗೇ ಕೂರಿಸಿದ. ಬೇರೆಯವರಿಗಾದರೆ ಮುತ್ತು ಪೋಣಿಸಿದ ಹಾಗೆ ಇಟ್ಟು ಮುಗಿಸುತ್ತಿದ್ದ. ಬಿಸಿ ಚಾಕು ಹೆಬ್ಬೆರಳಿಗೆ ತಾಗಿ ಬೊಬ್ಬೆ ಎದ್ದಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಪ್ಪ ಯಾರನ್ನೂ ಕಳ್ಳ ಅಂದಿರಲಿಲ್ಲ, ಎಣಿಸಿದವರು ಯಾರು ಎಂದಷ್ಟೇ ಕೇಳಿದ್ದರು, ಇವನು ಮಧ್ಯಾಹ್ನವಿಡೀ ಹೆಗಲು ಒರೆಸಿಕೊಳ್ಳುತ್ತಿದ್ದ. ನಾಲ್ಕು ಗಂಟೆಗೆ ಮೇಲಿನದೂ ಕೆಳಗಿನದೂ ತಯಾರಾದವು. ಹನ್ನೊಂದು ವಾರದ ಕೆಲಸಕ್ಕೆ ಹಿಡಿದದ್ದು ಮೂರೂವರೆ ಗಂಟೆ.

ಇದು ಇನ್ನೂ ಪಕ್ಕಾ ಸೆಟ್ಟಲ್ಲ. ಹಲ್ಲು ಮೇಣದ ಮೇಲೆ ಕೂತಿರುತ್ತವೆ. ಬಾಯಿಗಿಟ್ಟು, ಮಾತಾಡಿಸಿ ನೋಡಿ, ಸರಿಹೋದರೆ ಆಮೇಲೆ ಗಟ್ಟಿ ಮಾಡುವುದು. ಹಾಗಾಗಿ ಈ ಹಲ್ಲಿನಲ್ಲಿ ಮಾತಾಡಬಹುದು, ಕಚ್ಚುವ ಹಾಗಿಲ್ಲ. ಇದು ಡಾಕ್ಟರರ ಕೆಲಸ, ಅವನು ಬಾಗಿಲಿನ ಹತ್ತಿರ ನಿಂತು ಎಷ್ಟೋ ಸಲ ನೋಡಿದ್ದ. ಮಾತು ಸರಿ ಹೊರಡುತ್ತದೆಯೇ ಎಂದು ತಿಳಿಯಲು ಅವರು ಎಲ್ಲರಿಗೂ ಒಂದೇ ಪರೀಕ್ಷೆ ಕೊಡುತ್ತಿದ್ದರು: ಒಂದರಿಂದ ಎಣಿಸಿ. ಅಪ್ಪನ ಕೋಣೆಯಲ್ಲಿ ಕಿಟಕಿ ತೆರೆದಿತ್ತು, ಟ್ಯಾಬ್ ಹೊದಿಕೆಯ ಮೇಲೆ ಕವುಚಿ ಬಿದ್ದಿತ್ತು. ಅವನು ಎರಡು ಕೈಯಲ್ಲಿ ಎರಡು ದವಡೆ ಹಿಡಿದು ನಿಂತದ್ದನ್ನು ನೋಡಿ ಅಪ್ಪ ಕನ್ನಡಕ ತೆಗೆದಿಟ್ಟು ಸುಮ್ಮನೆ ಬಾಯಿ ತೆರೆದರು. ಹೆಬ್ಬೆರಳಲ್ಲಿ ಒಸಡು ಮುಟ್ಟಿದ. ಮೆತ್ತಗೆ, ಬೆಚ್ಚಗೆ, ಒಂದು ಕೂಸಿನದರ ಹಾಗಿತ್ತು. ಕೆಳಗಿನದು, ಆಮೇಲೆ ಮೇಲಿನದು. ಕುಸಿದಿದ್ದ ಕೆನ್ನೆ ಮೇಲೆದ್ದು, ಎಷ್ಟೋ ತಿಂಗಳಿಂದ ಕಾಣದಿದ್ದ ಮೇಷ್ಟ್ರು ಮುಖದೊಳಗಿಂದ ಎದ್ದು ಬಂದರು. ಕಚ್ಚಬಾರದು ಎಂದು ಹೇಳಿದ. ಆಮೇಲೆ ಬೇರೇನೂ ಹೊಳೆಯದೆ, ಬಾಯಿಪಾಠ ಬಂದದ್ದನ್ನೇ ಹೇಳಿದ.

"ಎಣಿಸಿ ಅಪ್ಪಾ."

ಅಪ್ಪ ಅವನ ಮುಖವನ್ನೇ ನೋಡುತ್ತ ಶುರುಮಾಡಿದರು. ಮೊದಮೊದಲು ದನಿ ತೊದಲಿತು, ಹತ್ತು ದಾಟಿದ ಮೇಲೆ ಹದಕ್ಕೆ ಬಂತು, ಇಪ್ಪತ್ತರ ಹೊತ್ತಿಗೆ ಕೊನೇ ಬೆಂಚಿಗೂ ಕೇಳುವಂತಾಯಿತು. ಡಾಕ್ಟರು ಇಪ್ಪತ್ತೈದಕ್ಕೆ ಸಾಕು ಅನ್ನುತ್ತಿದ್ದರು. ಅವನೂ ಅನ್ನಬೇಕಿತ್ತು. ಮೂವತ್ತು ದಾಟಿತು. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಮೂವತ್ತೇಳು, ಮೂವತ್ತೆಂಟು, ಮೂವತ್ತೊಂಬತ್ತು ಎಂದು ಅಪ್ಪ ನಿಲ್ಲಿಸಿದರು. ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ನಲವತ್ತು," ಅಂದರು ಅಪ್ಪ. "ನಾನು ಲಕೋಟೆ ಮೇಲೆ ನಲವತ್ತು ಅಂತ ಬರ್ದಿದ್ದೆ. ಮನೇಲಿದ್ದ ನನ್ನ ಸ್ವಂತ ಪುಸ್ತಕದ್ದು ಒಂದು ಕೊಯ್ದು ಹಾಕಿದ್ದೆ. ಆ ಹುಡುಗಿ ಓದ್ಕೊಳ್ಳಲಿ ಅಂತ."

ಅವನು ಮಂಚದ ಅಂಚಿಗೆ ಕೂತ. ಹೆಡ್‌ಮಾಸ್ಟರು ಲಕೋಟೆಯ ಮೇಲೆ ನಲವತ್ತು ಎಂದು ಓದಿದ್ದಾರೆ, ಮೇಷ್ಟ್ರ ಮಗ ಎದುರಿಗೆ ನಿಂತು ಮೂವತ್ತೊಂಬತ್ತು ಎಂದಿದ್ದಾನೆ. ಆ ಒಂದೇ ಮಾತಿಗೆ ಹುಡುಗಿಯ ಹಾಳೆಯೂ ಸಿಕ್ಕಿಬಿತ್ತು, ಅಪ್ಪನ ಸುಳ್ಳೂ ಸಿಕ್ಕಿಬಿತ್ತು. ಭೂಗೋಳದ ಮೇಷ್ಟ್ರಿಗೆ ಆ ಕುರ್ಚಿ ಹೇಗೆ ಸಿಕ್ಕಿತು ಎಂಬುದಕ್ಕೆ ಯಾವ ಕೋರ್ಸೂ ಬೇಕಿರಲಿಲ್ಲ. ತಾನು ಹೊಡೆದ ಗಂಟೆ ಅವತ್ತು ಸಂಜೆ ಸ್ಟಾಫ್ ರೂಮಿನಲ್ಲಿ ಕೂತಿದ್ದ ಅಪ್ಪನಿಗೂ ಕೇಳಿಸಿರಬೇಕು.

"ಗೊತ್ತಿತ್ತಾ ನಿಮಗೆ, ನಾನೇ ಹೇಳಿದ್ದು ಅಂತ?"

"ಗಂಟೆ ಹೊಡಿಯೋಕೆ ಯಾರಿಗೂ ಸುಮ್ನೆ ಕೊಡ್ತಿರ್ಲಿಲ್ಲ ಆ ಹೆಡ್‌ಮಾಸ್ಟರು."

ಮತ್ತೆ ಯಾಕೆ ಒಂದು ದಿನವೂ ಬೈಯಲಿಲ್ಲ, ನಲವತ್ತು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಅವನು ಕೇಳಿದ. ಕೇಳುವಾಗ ದನಿ ಹನ್ನೆರಡರ ಹುಡುಗನದಾಯಿತು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳೆಂದು ಆಗ ಗೊತ್ತಾಗಿ ಇನ್ನಷ್ಟು ನಾಚಿಕೆಯಾಯಿತು. ಅಪ್ಪ ಹೊಸ ಹಲ್ಲನ್ನು ನಾಲಿಗೆಯಿಂದ ಒಂದು ಸುತ್ತು ಮುಟ್ಟಿ ನೋಡಿಕೊಂಡರು.

"ನಿನಗೆ ಹನ್ನೆರಡು ವರ್ಷ," ಅಂದರು. "ನನಗೆ ನಲವತ್ಮೂರು. ಬ್ಲೇಡು ಕೊಟ್ಟೋನು ನಾನು. ಅದು ನೀನು ಸರಿಯಾಗೇ ಬರ್ದಿದೀಯ, ಅದಕ್ಕೇ ನಾಲ್ಕು ಅಂಕ ಕೊಟ್ಟೆ."

ಅಷ್ಟು ಹೇಳಿ ಮೇಲಿನ ದವಡೆಯನ್ನು ತಾವೇ ಕಳಚಿ, ಆಮೇಲೆ ಕೆಳಗಿನದನ್ನೂ ಕಳಚಿ, ಕರವಸ್ತ್ರದಲ್ಲಿ ಒರೆಸಿ ಅವನ ಅಂಗೈಗೆ ಇಟ್ಟರು. ಮುಖ ಮತ್ತೆ ಕುಸಿಯಿತು. ಬಲಗಡೆ ದವಡೆಯನ್ನು ಬೆರಳಿಂದ ತೋರಿಸಿ, ಸ್ವಲ್ಪ ಎತ್ತರವಾಗಿದೆ ಎಂದು ಸನ್ನೆ ಮಾಡಿದರು. ಹಾಸಿಗೆಯ ಮೇಲಿದ್ದ ಟ್ಯಾಬನ್ನು ಎತ್ತಿ, ಕೆಂಪು ಪ್ರಬಂಧ ತೆರೆದು ಅವನ ಮಡಿಲಿಗೆ ತಳ್ಳಿದರು. ನಾಳೆ ಕೊನೇ ದಿನ ಎಂಬುದು ಅವರಿಗೂ ನೆನಪಿತ್ತು. ಒಂದು ಕೈಯಲ್ಲಿ ಅಪ್ಪನ ಹಲ್ಲು ಹಿಡಿದುಕೊಂಡು, ಬೊಬ್ಬೆ ಎದ್ದ ಹೆಬ್ಬೆರಳಲ್ಲಿ ಅವನು ಗೆರೆ ಎಳೆದಿದ್ದ ವಾಕ್ಯವನ್ನು ಅಳಿಸಿದ. 'ಹಾಳೆಗಳನ್ನು ಎಣಿಸಿದವನು ನಾನು' ಎಂದು ಬರೆದು, ಅಪ್ಪನ ಕಡೆ ನೋಡಿದ. ಅಪ್ಪ ಕನ್ನಡಕ ಹಾಕಿಕೊಂಡು ಓದಿ, ಮುಂದೆ ಬರಿ ಎಂದು ಕೈ ಬೀಸಿದರು.